ಅಂಗಕಸಿಯೂ ಬೂಷ್ಟಿನ ಮದ್ದೂ

ಮಲೆನಾಡಿನ ಗೃಹಸ್ಥರಿಗೆ ಕಸಿಯೆಂದರೇನೆಂಬುದನ್ನಾಗಲಿ, ಬೂಷ್ಟೆಂದರೇನೆಂಬುದನ್ನಾಗಲಿ ಗ್ರಂಥಮುಖದಿಂದ ತಿಳಿಸಬೇಕಾದ ಅವಶ್ಯಕತೆಯಿಲ್ಲ. ಶೃಂಗೇರಿಯಿಂದ ಕಿಗ್ಗದ ಮಾರ್ಗವಾಗಿ ಸಿರಿಮನೆಯ ಅಬ್ಬಿಯವರೆಗೆ ಹಬ್ಬಿರುವ ಈ ಸೀಮೆಯ ತೋಟಗಳಲ್ಲಿ ಕಸಿಮಾವು ಉಂಟು. ಹಿಪ್ಪಲಿ ಜಾತಿಯ ಬೇರಿಗೆ ಕರಿಮೆಣಸಿನ ಕುಡಿಯನ್ನು ಕಟ್ಟಿ ಬೆಳೆಸಿದ ಬಳ್ಳಿಯೂ ಉಂಟು. ಇನ್ನು ಬೂಷ್ಟಿನ ಮಾತನ್ನು ಹೇಳುವುದೇ ಬೇಡ. ಆಷಾಢ ಶ್ರಾವಣಗಳಲ್ಲಿ ಮರದ ಪೆಟ್ಟಿಗೆ, ಚರ್ಮದ ಚಪ್ಪಲಿ, ಹಪ್ಪಳದ ಡಬ್ಬ, ಪುಸ್ತಕದ ರಟ್ಟು ಇವುಗಳಲ್ಲಿ ಯಾವುದೂ ಅದರ ಕೈಯಿಂದ ತಪ್ಪಿಸಿಕೊಳ್ಳಲಾರದು. ಆದರೆ ಈ ಎರಡು ಸಂಗತಿಗಳಿಗೂ ಪರಸ್ಪರ ಸಂಬಂಧವೊಂದುಂಟೆಂಬುದು, ಒಬ್ಬ ಮನುಷ್ಯನ ಮೂತ್ರಪಿಂಡವು ಮತ್ತೊಬ್ಬನ ದೇಹದಲ್ಲಿ ನೆಲೆಗೊಂಡು ವರುಷಗಟ್ಟಲೆ ಕೆಲಸಮಾಡುವುದು ಬಹುಮಟ್ಟಿಗೆ ಬೂಷ್ಟಿನ ಮತ್ತು ಮಣ್ಣಿನ ಅಣುಜೀವಿಗಳ ಉಪಕಾರದಿಂದಲೇ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಚರಿತ್ರೆಯನ್ನು, ನಮ್ಮ ನಾಡಿಗೆ ಅದು ತಗುಲಿಕೊಂಡಿರುವ ಕಡೆಗಳನ್ನು ವಿಶೇಷವಾಗಿ ಗಮನಿಸುತ್ತ, ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ಮಾವಿನ ಬುಡಕ್ಕೆ ಮಾವಿನ ಕುಡಿ ಕೂಡುತ್ತದೆ. ಹಲಸಿನ ಬುಡಕ್ಕೆ ಮಾವು ಕೂಡದು. ಗಿಡಗಳಲ್ಲಿ ಕುಲವು ಹತ್ತಿರವಾಗಿದ್ದರೆ ಸಾಕು, ವ್ಯಕ್ತಿಭೇದವನ್ನು ಅವು ಎಣಿಸುವುದಿಲ್ಲ. ಮನುಷ್ಯದೇಹದ ರೀತಿಯೇ ಬೇರೆ. ಅಣ್ಣನ ಮೈಯ ತೊಗಲನ್ನು ತಮ್ಮನ ಮೈಗೆ ಅಂಟಿಸಿದರೆ ಮೊದಲ ಕೆಲವು ದಿವಸ ಅದು ಹಿಡಿದಂತೆ ಕಂಡು, ಎರಡು ವಾರಗಳೊಳಗಾಗಿ ಕಪ್ಪಾಗಿ ಉದುರಿಹೋಗುತ್ತದೆ. ಕಿಗ್ಗದಲ್ಲಿ ಮಳೆಯ ದೇವರೆಂದು ಪೂಜೆಗೊಳ್ಳುವ ಋಷ್ಯಶೃಂಗನ ತಲೆಯ ಮೇಲೆ ಜಿಂಕೆಯ ಕೊಂಬಿದ್ದಿತೆಂದು ಪುರಾಣಗಳು ಹೇಳುತ್ತವೆ. ಗಣಪತಿಗೆ ಆನೆಯ ತಲೆ, ದಕ್ಷನಿಗೆ ಆಡಿನ ತಲೆ. ಇವುಗಳನ್ನು ತೋರಿಸಿ ಪೂರ್ವಿಕರಿಗೆ ಅಂಗಕಸಿಯ ವಿದ್ಯೆ ತಿಳಿದಿದ್ದಿತೆಂದು ವಾದಿಸುವವರುಂಟು. ಪುರಾಣದ ದಾರಿ ಬೇರೆ, ಇತಿಹಾಸದ ದಾರಿ ಬೇರೆ. ಹೀಗೆ ವಾದಿಸುವುದರಿಂದ ನಮ್ಮ ಪೂರ್ವಿಕರು ನಿಜವಾಗಿಯೂ ಸಾಧಿಸಿದ ಒಂದು ದೊಡ್ಡ ಕಾರ್ಯವು ಮರೆಗೆ ಬೀಳುತ್ತದೆಂಬುದೇ ನನ್ನ ಆಕ್ಷೇಪ. ಆ ಕಾರ್ಯವು ಮೈಸೂರಿನ ಚರಿತ್ರೆಯೊಡನೆ ಹೆಣೆದುಕೊಂಡಿದೆ.

ಮೂರನೆಯ ಮೈಸೂರು ಯುದ್ಧವು 1790ರಲ್ಲಿ ಪ್ರಾರಂಭವಾಗಿ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೊನೆಗೊಂಡಿತು. ಈ ಯುದ್ಧದ ಹೊಡೆತವು ಶೃಂಗೇರಿಗೂ ತಟ್ಟಿತು. 1791ರಲ್ಲಿ ಮರಾಠರ ಸೈನ್ಯಕ್ಕೆ ಸೇರಿದ ಪಿಂಡಾರಿಗಳು ಮಠವನ್ನು ಕೊಳ್ಳೆಹೊಡೆದುದನ್ನೂ, ಟಿಪ್ಪುಸುಲ್ತಾನನು ಜಗದ್ಗುರುಗಳಿಗೆ ಕನ್ನಡದಲ್ಲಿ ಕಾಗದಗಳನ್ನು ಬರೆದು ಪುನಃಪ್ರತಿಷ್ಠೆಗೆ ದ್ರವ್ಯ ಧಾನ್ಯಗಳನ್ನು ಒದಗಿಸಿದುದನ್ನೂ ವಾಚಕರು ಬಲ್ಲರು. 'ಕರ್ಣಾಟಕ ಕವಿಚರಿತೆ'ಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು 1916ರಲ್ಲಿ ಆ ಕಾಗದಗಳನ್ನು ಮಠದಲ್ಲಿ ಕಂಡು ಬೆಳಕಿಗೆ ತಂದರು. ಅದೇ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಒಕ್ಕಲಿಗನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದನು. ಆತನ ಮೂಗನ್ನೂ ಒಂದು ಕೈಯನ್ನೂ ಕೊಯ್ದು ಕಳುಹಿಸಿದರೆಂದು ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಎಂಬ ಪತ್ರಿಕೆಯ 1794ನೆಯ ಅಕ್ಟೋಬರ್ ಸಂಚಿಕೆಯಲ್ಲಿ ಅಚ್ಚಾದ ಪತ್ರವೊಂದು ಹೇಳುತ್ತದೆ. ಸುಮಾರು ಒಂದು ವರುಷ ಮೂಗಿಲ್ಲದೆ ಇದ್ದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಗೆ ಸೇರಿದ ಒಬ್ಬಾತನು ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಇಂಥ ಶಸ್ತ್ರಕ್ರಿಯೆಯನ್ನು ಕ್ರೂಸೋ ಮತ್ತು ಫಿಂಡ್ಲೆ ಎಂಬ ಕಂಪೆನಿಯ ವೈದ್ಯರಿಬ್ಬರು ಕಣ್ಣಾರೆ ಕಂಡಿದ್ದರು.

ಶಸ್ತ್ರಕ್ರಿಯೆಯ ಕ್ರಮವು ಹೀಗೆ. ಮೊದಲು ಮೇಣದ ತೆಳು ತಗಡನ್ನು ಮೂಗಿನ ಮೊಂಡಿಗೆ ಮೂಗಿನಾಕಾರದಲ್ಲಿ ಕೂರಿಸಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಅಂಚಿನ ಸುತ್ತ ಗೆರೆ ಎಳೆಯುವುದು. ಆ ಗೆರೆಯ ಒಳಗಣ ತೊಗಲನ್ನು ಬಿಡಿಸುವಾಗ ಹುಬ್ಬುಗಳ ನಡುವೆ ಒಂದು ಪಟ್ಟಿಯಷ್ಟನ್ನು ಕೊಯ್ಯದೆ ಉಳಿಸುವುದು. ಹೊಸ ಮೂಗಿಗೆ ರಕ್ತ ಹರಿದುಬರುವುದು ಆ ಪಟ್ಟಿಯಿಂದ. ತೊಗಲನ್ನು ತಿರುವಿ ಕೆಳಕ್ಕೆ ಇಳಿಸಿ ಮೂಗಿನ ಮೊಂಡಿಯ ಗಾಯದ ಅಂಚಿಗೆ ಸೇರಿಸಿ, ನೀರಿನಲ್ಲಿ ಕಲಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಒಂದರ ಮೇಲೊಂದಾಗಿ ಅಂಟಿಸುವುದು. ನಾಲ್ಕು ದಿವಸಗಳ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಇಪ್ಪತ್ತೈದನೆಯ ದಿವಸದ ಸುಮಾರಿಗೆ ನಡುವಣ ಪಟ್ಟಿಯನ್ನು ಕತ್ತರಿಸುವುದು. ಅಡಿಕೆ ಎಲೆಯ ತಟ್ಟೆಯಲ್ಲಿರುವ ಕಾಚು ಇಂಥ ಕಾರ್ಯಕ್ಕೆ ಒದಗಿದುದನ್ನು ಓದಿ ನನಗೆ ಆಶ್ಚರ್ಯವಾಯಿತು. ಲಂಡನ್ನಿನಲ್ಲಿ ಈ ವೃತ್ತಾಂತವನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅದೇ ಕ್ರಮದಿಂದ ಒಬ್ಬನಿಗೆ ಮೂಗು ಕಟ್ಟಿದನು. ಯೂರೋಪಿನಲ್ಲಿ ಈ ವಿದ್ಯೆಯು ಪುನರುಜ್ಜೀವನಗೊಂಡದ್ದು ಅಲ್ಲಿಂದ. ಸುಶ್ರುತಸಂಹಿತೆಯಲ್ಲಿ ಮೂಗು ಕಟ್ಟುವ ವಿಧಾನವು ಉಕ್ತವಾಗಿರುವುದು ಎಲ್ಲರಿಗೂ ತಿಳಿದ ವಿಷಯ. ಆದರೆ ಸಂಹಿತೆಯನ್ನು ಓದಿದ್ದ ಪಂಡಿತನ ಕೈಯಲ್ಲಲ್ಲ, ಇಟ್ಟಿಗೆ ಸುಡುವವನ ಕೈಯಲ್ಲಿ ಅದು ಜೀವಂತವಾಗಿ ಉಳಿದಿದ್ದಿತೆಂಬುದನ್ನು ಮಾತ್ರ ನಾವು ಮರೆಯಲಾಗದು.

ಆ ಮೂಗು ಹಿಡಿದದ್ದಕ್ಕೆ ಕಾರಣವು ಸ್ಪಷ್ಟ: ತೊಗಲು ಆತನದೇ ಆಗಿದ್ದಿತು. ಇಟಲಿಯ ಬೊಲೋನ್ಯಾದಲ್ಲಿ ತೋಳಿನ ತೊಗಲಿನಿಂದ ಮೂಗು ಕಟ್ಟುತ್ತಿದ್ದ ತಾಲ್ಯಕೋಟ್ಸಿ ಎಂಬ ವೈದ್ಯನು 1597ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಬೇರೊಬ್ಬನ ತೊಗಲನ್ನು ಏಕೆ ಉಪಯೋಗಿಸಬಾರದೆಂಬ ಪ್ರಶ್ನೆಯನ್ನು ತಾನೇ ಎತ್ತಿಕೊಂಡು, ಪ್ರತಿಯೊಬ್ಬ ವ್ಯಕ್ತಿಯಲ್ಲಿಯೂ ಇರುವ ಪ್ರತ್ಯೇಕತೆಯು ಅದಕ್ಕೆ ಅಡ್ಡಿಯೆಂದು ಹೇಳಿದ್ದಾನೆ. ಆ ಪ್ರತ್ಯೇಕತೆಯು ದೇಹದಲ್ಲಿ ಎಲ್ಲಿದೆ, ಪರಕೀಯವನ್ನು ಗುರುತಿಸುವವರು ಯಾರು ಎಂಬುದು ತಿಳಿಯಲು ಮುಂದೆ ಸುಮಾರು ಮೂರೂವರೆ ಶತಮಾನಗಳು ಬೇಕಾದುವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಟ್ಟಗಾಯಗಳಿಂದ ನರಳುವವರು ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತುಂಬಿದರು. ಪೀಟರ್ ಮೆಡಾವರ್ ಎಂಬ ಪ್ರಾಣಿಶಾಸ್ತ್ರಜ್ಞನು ಗ್ಲಾಸ್ಗೋ ನಗರದ ಶಸ್ತ್ರವೈದ್ಯನಾದ ಗಿಬ್ಸನ್ನನೊಡಗೂಡಿ, ಮೈ ಸುಟ್ಟಿದ್ದ ಒಬ್ಬ ಹೆಂಗಸಿಗೆ ಆಕೆಯ ಸೋದರನ ತೊಗಲಿನ ಚೂರುಗಳನ್ನು ಅಂಟಿಸಿ ಗಮನಿಸಿದನು. ಮೊದಲ ಸಲ ಅಂಟಿಸಿದವು ಕೆಲಕಾಲ ಬಾಳಿ ಸತ್ತುವು. ಎರಡನೆಯ ಸಲ ಅದೇ ಸೋದರನಿಂದ ತೆಗೆದು ಅಂಟಿಸಿದವು ಅದಕ್ಕಿಂತ ಬೇಗನೆ ಸತ್ತುವು. 1943ರಲ್ಲಿ ಪ್ರಕಟವಾದ ಈ ವರದಿಯು ಚಿಕ್ಕದಾದರೂ ಅದರ ಅರ್ಥವು ದೊಡ್ಡದು. ದೇಹವು ಹಳೆಯ ಹಗೆಯನ್ನು ನೆನಪಿಟ್ಟುಕೊಂಡಿದ್ದಿತು. ಸಿಡುಬನ್ನು ಒಮ್ಮೆ ಕಂಡ ದೇಹವು ಎರಡನೆಯ ಸಲ ಅದನ್ನು ಒಳಗೆ ಬಿಡದಿರುವುದಕ್ಕೆ ಯಾವ ಶಕ್ತಿ ಕಾರಣವೋ, ಸೋದರನ ತೊಗಲನ್ನು ಹೊರದೂಡುವುದಕ್ಕೂ ಅದೇ ಶಕ್ತಿಯೇ ಕಾರಣ. ರಕ್ತದಲ್ಲಿರುವ ಲಿಂಫೋಸೈಟ್ ಎಂಬ ಬಿಳಿಯ ಕಣಗಳು ಊರಿನ ತಳವಾರರಂತೆ ಪ್ರತಿಯೊಂದು ಜೀವಕೋಶದ ಮೈಮೇಲಿನ ಗುರುತನ್ನು ಪರೀಕ್ಷಿಸುತ್ತ ತಿರುಗುತ್ತವೆ. ಗುರುತು ತಮ್ಮದಲ್ಲವೆಂದು ಕಂಡರೆ ಕೂಗೆಬ್ಬಿಸಿ ತಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಂಡು ಮೇಲೆ ಬೀಳುತ್ತವೆ. ಬಂದಾತನು ಕಳ್ಳನೋ ಉಪಕಾರಿಯೋ ಎಂಬ ವಿವೇಚನೆ ಅವಕ್ಕಿಲ್ಲ. ಮೆಡಾವರನಿಗೆ 1960ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಹಾಗಾದರೆ ಗುರುತು ಒಂದೇ ಆಗಿರುವ ಇಬ್ಬರಲ್ಲಿ ಕಸಿ ಕೂಡಬೇಕಷ್ಟೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1954ನೆಯ ಡಿಸೆಂಬರ್ 23ರಂದು ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯನು ಇದನ್ನು ಮಾಡಿ ತೋರಿಸಿದನು. ಹೆರಿಕ್ ಎಂಬ ಮನೆತನದ ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡಗಳೆರಡೂ ಕೆಟ್ಟಿದ್ದುವು. ಇನ್ನೊಬ್ಬನು ತನ್ನದೊಂದನ್ನು ಕೊಟ್ಟನು. ಇಬ್ಬರೂ ಏಕರೂಪದ ಅವಳಿಗಳೆಂಬುದನ್ನು ನಿಶ್ಚಯಿಸಿಕೊಳ್ಳಲು ಮುಂಚೆ ತೊಗಲಿನ ಚೂರನ್ನು ಒಬ್ಬನಿಂದ ಒಬ್ಬನಿಗೆ ಅಂಟಿಸಿ ಕಾದು ನೋಡಿದ್ದರು. ರೋಗಿಯು ಮತ್ತೆ ಎಂಟು ವರುಷ ಬದುಕಿದನು. ಆದರೆ ಲೋಕದಲ್ಲಿ ಎಷ್ಟು ಮಂದಿಗೆ ಅವಳಿ ಸೋದರರಿದ್ದಾರೆ? ಉಳಿದವರಿಗಾಗಿ ಮೈಯೆಲ್ಲಕ್ಕೂ ಕ್ಷಕಿರಣಗಳನ್ನು ಹಾಯಿಸಿ ಬಿಳಿಯ ಕಣಗಳನ್ನು ಕೊಲ್ಲುವ ಪ್ರಯತ್ನ ನಡೆಯಿತು. ಕಣಗಳೇನೋ ಸತ್ತುವು, ಅವುಗಳ ಹಿಂದೆಯೇ ಬಹುಮಂದಿ ರೋಗಿಗಳೂ ಸೋಂಕು ತಗುಲಿ ಸತ್ತರು. ಕಾವಲುಗಾರರನ್ನೆಲ್ಲ ಕೊಂದ ಊರಿನ ಗತಿಯೇ ಅದು. ಬೇಕಾಗಿದ್ದುದು ಕಾವಲನ್ನು ತಗ್ಗಿಸುವ, ಆದರೆ ತೀರ ಅಳಿಸಿಬಿಡದ ಒಂದು ಮದ್ದು.

ಇಂಥ ಮದ್ದುಗಳಿಗೆ ಇಂಗ್ಲಿಷಿನವರು ಇಮ್ಯುನೋಸಪ್ರೆಸಂಟ್ ಎನ್ನುತ್ತಾರೆ, ನಾವು ನಿರೋಧಶಾಮಕಗಳೆನ್ನೋಣ. ಕಷಾಯ ಲೇಹ್ಯಗಳಿಂದ ರೋಗನಿರೋಧ ಶಕ್ತಿಯನ್ನು ಬೆಳೆಸಬೇಕೆಂದು ಎಲ್ಲರೂ ಸಾರುತ್ತಿರುವ ಕಾಲದಲ್ಲಿ ಅದನ್ನು ತಗ್ಗಿಸುವುದಕ್ಕೂ ಮದ್ದುಂಟೆಂದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇವುಗಳಲ್ಲಿ ಮೊದಲನೆಯವು ರಕ್ತದ ಅರ್ಬುದಕ್ಕೆಂದು ತಯಾರಾದ ಮದ್ದುಗಳು. ಜಾರ್ಜ್ ಹಿಚಿಂಗ್ಸ್ ಎಂಬಾತನೂ ಗರ್ಟ್ರೂಡ್ ಎಲಿಯನ್ ಎಂಬಾಕೆಯೂ 1951ರಲ್ಲಿ ಮರ್ಕ್ಯಾಪ್ಟೋಪ್ಯೂರಿನ್ ಎಂಬ ವಸ್ತುವನ್ನು ಸಿದ್ಧಪಡಿಸಿದರು. ಜೀವಕೋಶಗಳು ವೃದ್ಧಿಯಾಗುವಾಗ ತಮ್ಮ ಬೀಜದ್ರವ್ಯವನ್ನು ಕಟ್ಟಲು ಬಳಸುವ ಇಟ್ಟಿಗೆಯಂತೆಯೇ ತೋರುವ ಹುಸಿ ಇಟ್ಟಿಗೆ ಇದು. ಶ್ವಾರ್ಟ್ಸ್ ಮತ್ತು ಡ್ಯಾಮೆಶೆಕ್ ಎಂಬವರು 1959ರಲ್ಲಿ ಇದನ್ನು ಮೊಲಗಳಿಗೆ ಕೊಟ್ಟು, ಪರಕೀಯ ದ್ರವ್ಯವನ್ನು ಅವು ಎದುರಿಸದಂತಾದುದನ್ನು ಕಂಡರು. ಮರುವರುಷವೇ ರಾಯ್ ಕಾಲ್ನ್ ಎಂಬ ತರುಣ ಇಂಗ್ಲಿಷ್ ಶಸ್ತ್ರವೈದ್ಯನು ಮೂತ್ರಪಿಂಡವನ್ನು ಕಸಿಮಾಡಿದ ನಾಯಿಗಳ ಆಯುಸ್ಸನ್ನು ಇದರಿಂದ ಹೆಚ್ಚಿಸಿದನು. ಇದರ ಸುಧಾರಿತ ರೂಪವೇ ಅಜಥಯೋಪ್ರಿನ್. 1962ರಲ್ಲಿ ಮರ್ರೆಯು ಇದರ ನೆರವಿನಿಂದ, ಸಂಬಂಧಿಯಲ್ಲದ ಮೃತನೊಬ್ಬನ ಮೂತ್ರಪಿಂಡವನ್ನು ಕಸಿಮಾಡಲು, ಅದು ಒಂದು ವರುಷಕ್ಕೂ ಮಿಕ್ಕಿ ಬಾಳಿತು. ಇದಕ್ಕೆ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡನ್ನು ಜೊತೆಗೂಡಿಸಿದರೆ ಎರಡೂ ಕೂಡಿ ಒಂದಕ್ಕೊಂದು ಬಲವಾಗುವುವೆಂಬುದನ್ನು 1963ರಲ್ಲಿ ಥಾಮಸ್ ಸ್ಟಾರ್ಜ್‌ಲ್ ತೋರಿಸಿದನು. ಸ್ಟಿರಾಯ್ಡುಗಳ ಕಥೆಯು ಇದಕ್ಕಿಂತ ಹಳೆಯದು; ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಹೆಂಗಸು 1948ರಲ್ಲಿ ಕಾರ್ಟಿಸೋನಿನ ಕೆಲವೇ ಸೂಜಿಮದ್ದುಗಳಿಂದ ಎದ್ದು ನಡೆದಾಡಿದಾಗ ಅದನ್ನು ಪವಾಡವೆಂದೇ ಜನ ಭಾವಿಸಿದ್ದರು.

ಇಲ್ಲಿ ನಮ್ಮ ನೆರೆನಾಡಿನವರೊಬ್ಬರ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಅಮೆರಿಕದ ಲೆಡರ್ಲಿ ಸಂಸ್ಥೆಯಲ್ಲಿ ಫೋಲಿಕ್ ಆಮ್ಲವನ್ನು ಕುರಿತು ಸಂಶೋಧನೆ ನಡೆಸಿದರು. ಆ ಆಮ್ಲದ ವಿರೋಧಿಗಳಾದ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್ ಎಂಬ ಮದ್ದುಗಳು ಅವರ ಪರಿವಾರದಿಂದಲೇ ಹೊರಟುವು. 1948ರಲ್ಲಿ ಸುಬ್ಬರಾಯರು ತೀರಿಕೊಂಡರು. ಅಂದು ಅರ್ಬುದಕ್ಕೆಂದು ಹುಟ್ಟಿದ ಮೆಥೊಟ್ರೆಕ್ಸೇಟು ಇಂದು ಕೀಲುವಾತಕ್ಕೂ ಸೋರಿಯಾಸಿಸ್ಸಿಗೂ ಲಕ್ಷಾಂತರ ಮನೆಗಳಲ್ಲಿ ಬಳಕೆಯಾಗುತ್ತಿದೆ.

ಇನ್ನು ಬೂಷ್ಟಿನ ಪ್ರಸ್ತಾಪಕ್ಕೆ ಬರೋಣ. ಬೂಷ್ಟೆಂದರೆ ನಮ್ಮವರಿಗೆ ಶತ್ರುವೆಂಬ ಭಾವನೆಯೇ ರೂಢಮೂಲವಾಗಿದೆ. ಮೈಸೂರು ಸರ್ಕಾರದ ಸೇವೆಗೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಬರೆದ ವರದಿಯಿಂದ ಅದರ ಕಾರಣವು ಬೂಷ್ಟಿನಂಥ ಒಂದು ಜೀವಿಯೆಂದು ನಿರ್ಧರವಾಗಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯುವ ಪದ್ಧತಿ ಈ ಸೀಮೆಯಲ್ಲಿ ಬೇರೂರಿತು. ಆ ಶತ್ರುವಿನ ದಾಯಾದಿಗಳಲ್ಲಿ ಮಿತ್ರರೂ ಇದ್ದಾರೆ. ಪೆನಿಸಿಲಿನ್ನಿನ ಯಶಸ್ಸನ್ನು ಕಂಡ ಮೇಲೆ ಔಷಧ ತಯಾರಿಸುವ ದೊಡ್ಡ ಸಂಸ್ಥೆಗಳು ಲೋಕದ ನಾನಾ ಕಡೆಗಳ ಮಣ್ಣನ್ನು ತರಿಸಿ ಅದರೊಳಗಿನ ಜೀವಿಗಳನ್ನು ಬೆಳೆಸಿ ಪರೀಕ್ಷಿಸತೊಡಗಿದುವು. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಸಂಸ್ಥೆಯ ನೌಕರರು ರಜೆಯಲ್ಲಿ ಎಲ್ಲಿಗೆ ಹೋದರೂ ಚೀಲದಲ್ಲಿ ಹಿಡಿ ಮಣ್ಣನ್ನು ತರುವ ವಾಡಿಕೆಯಿದ್ದಿತು. 1969ರಲ್ಲಿ ಹಾಗೆ ನಾರ್ವೆ ದೇಶದ ಹಾರ್ಡಂಗರ್ ಎಂಬ ಬೋಳು ಪ್ರಸ್ಥಭೂಮಿಯಿಂದ ತಂದ ಮಣ್ಣಿನಲ್ಲಿ ಒಂದು ಬೂಷ್ಟು ದೊರೆಯಿತು. ಅದರ ರಸವು ಬೇರೆ ಬೂಷ್ಟುಗಳನ್ನು ಕೊಲ್ಲಬಹುದೆಂಬುದು ಅವರ ನಿರೀಕ್ಷೆ. ಆ ಕೆಲಸಕ್ಕೆ ಅದು ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ. ಆದರೆ 1972ರಲ್ಲಿ ಸ್ಟೇಲಿನ್, ಬೊರೆಲ್ ಎಂಬವರ ಪ್ರಯೋಗಶಾಲೆಯಲ್ಲಿ ಅದು ಇಲಿಗಳ ನಿರೋಧಶಕ್ತಿಯನ್ನು ತಗ್ಗಿಸಿತು, ಮತ್ತು ಹಾಗೆ ತಗ್ಗಿಸುವಾಗ ರಕ್ತದ ಉಳಿದ ಕಣಗಳನ್ನು ಕೊಲ್ಲಲಿಲ್ಲ. ಇದೇ ಸೈಕ್ಲೋಸ್ಪೋರಿನ್. ಅದು ನೀರಿನಲ್ಲಿ ಕರಗದು. ಕಾಲ್ನನ ಬಳಿ ಕಲಿಯುತ್ತಿದ್ದ ಕೊಸ್ಟಾಕಿಸ್ ಎಂಬ ಗ್ರೀಕ್ ವೈದ್ಯನು ತನ್ನ ನಾಡಿನ ಆಲಿವ್ ಎಣ್ಣೆಯಲ್ಲಿ ಅದನ್ನು ಕರಗಿಸಿಕೊಟ್ಟನಂತರ ಪ್ರಯೋಗಗಳು ಫಲಿಸಿದುವು. ತೈಲ ಘೃತಗಳಲ್ಲಿ ಮದ್ದನ್ನು ಪಾಕಮಾಡುವ ನಮ್ಮ ವೈದ್ಯರು ಇದನ್ನು ಕೇಳಿ ನಸುನಗಬಹುದು. 1978ರಲ್ಲಿ ಕೇಂಬ್ರಿಜ್ಜಿನಲ್ಲಿ ಮನುಷ್ಯರಿಗೆ ಕೊಟ್ಟು ನೋಡಿದರು. 1983ರಲ್ಲಿ ಅಮೆರಿಕದ ಸರ್ಕಾರವು ಅದಕ್ಕೆ ಅನುಮತಿಯನ್ನಿತ್ತಿತು. ಅದುವರೆಗೆ ಸಾಹಸವೆನಿಸಿದ್ದ ಯಕೃತ್ತಿನ ಮತ್ತು ಹೃದಯದ ಕಸಿಗಳು ಆ ಬಳಿಕ ದೊಡ್ಡ ಆಸ್ಪತ್ರೆಗಳ ನಿತ್ಯಕರ್ಮಗಳಾದುವು.

ಮೊದಲ ಮಳೆಗೆ ನೆಲದಿಂದೇಳುವ ಮಣ್ಣಿನ ಕಂಪನ್ನು ಸವಿಯದವರಾರು? ಆ ಕಂಪಿಗೆ ಮುಖ್ಯ ಕಾರಣವು ಸ್ಟ್ರೆಪ್ಟೋಮೈಸಿಸ್ ಎಂಬ, ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆಯುವ, ಆದರೆ ಬ್ಯಾಕ್ಟೀರಿಯಗಳ ವರ್ಗಕ್ಕೆ ಸೇರಿದ ಜೀವಿ. ಈ ಕುಲದಿಂದಲೇ ಮತ್ತೆರಡು ಮದ್ದುಗಳು ಬಂದುವು. ಜಪಾನಿನ ತ್ಸುಕುಬ ಎಂಬಲ್ಲಿಯ ಮಣ್ಣಿನಿಂದ 1984ರಲ್ಲಿ ದೊರೆತದ್ದು ಟ್ಯಾಕ್ರೋಲಿಮಸ್. ಇಂದು ಮೂತ್ರಪಿಂಡದ ಕಸಿಯಾದವರಲ್ಲಿ ಬಹುಮಂದಿ ಸೇವಿಸುವುದು ಇದನ್ನೇ. ಮತ್ತೊಂದರ ಕಥೆಯು ವಿಸ್ತಾರವಾಗಿ ಹೇಳತಕ್ಕದ್ದು. ಶಾಂತಸಾಗರದ ನಡುವೆ ಏಕಾಂಗಿಯಾಗಿರುವ ಈಸ್ಟರ್ ದ್ವೀಪಕ್ಕೆ 1964ರಲ್ಲಿ ಕೆನಡಾದ ವಿಜ್ಞಾನಿಗಳ ತಂಡವೊಂದು ಹೋಗಿ ಮಣ್ಣನ್ನು ತಂದಿತು. ಪಂಜಾಬದಲ್ಲಿ ಹುಟ್ಟಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದಿದ ಸುರೇಂದ್ರನಾಥ ಸೆಹಗಲ್ ಎಂಬವರು ಮಾಂಟ್ರಿಯಲ್ಲಿನ ಏಯರ್ಸ್ಟ್ ಸಂಸ್ಥೆಯಲ್ಲಿ ಆ ಮಣ್ಣಿನ ಜೀವಿಯಿಂದ ಒಂದು ವಸ್ತುವನ್ನು ಬೇರ್ಪಡಿಸಿ, ದ್ವೀಪವಾಸಿಗಳು ತಮ್ಮ ದ್ವೀಪಕ್ಕೆ ಕರೆಯುವ ರಾಪಾ ನೂಯಿ ಎಂಬ ಹೆಸರಿನಿಂದ ಅದಕ್ಕೆ ರಾಪಮೈಸಿನ್ ಎಂದು ಹೆಸರಿಟ್ಟರು. 1980ರ ದಶಕದ ಆದಿಯಲ್ಲಿ ಸಂಸ್ಥೆಯು ಆ ಪ್ರಯೋಗಶಾಲೆಯನ್ನು ಮುಚ್ಚಿತು. ಉಳಿದ ಸಾಮಗ್ರಿಯನ್ನು ನಾಶಪಡಿಸಬೇಕಾಗಿದ್ದಿತು. ಸೆಹಗಲ್ಲರಿಗೆ ಮನಸ್ಸು ಬರಲಿಲ್ಲ. ಕೆಲವು ಸೀಸೆಗಳನ್ನು ಮನೆಗೆ ಒಯ್ದು, ತಿನ್ನಬಾರದೆಂದು ಚೀಟಿ ಅಂಟಿಸಿ, ಮನೆಯ ಶೀತಪೆಟ್ಟಿಗೆಯಲ್ಲಿ ತಿಂಡಿತೀರ್ಥಗಳ ನಡುವೆ ಇರಿಸಿದರು. ಅಮೆರಿಕಕ್ಕೆ ವರ್ಗವಾದಾಗಲೂ ಜೊತೆಯಲ್ಲಿ ಒಯ್ದರು. ವರುಷಗಳ ಮೇಲೆ ಹೊಸ ಅಧಿಕಾರಿಗಳನ್ನು ಒಪ್ಪಿಸಿ ಸಂಶೋಧನೆಯನ್ನು ಮತ್ತೆ ಆರಂಭಿಸಿದರು. ಸಿರೋಲಿಮಸ್ ಎಂಬ ಹೆಸರಿನಿಂದ 1999ರಲ್ಲಿ ಅದು ಕಸಿಯ ಮದ್ದಾಗಿ ಅಂಗೀಕೃತವಾಯಿತು. ಸೆಹಗಲ್ಲರು 2003ರಲ್ಲಿ ಕಾಲವಾದರು.

ಬೂಷ್ಟಿನ ಮದ್ದುಗಳಲ್ಲಿ ಅತ್ಯಂತ ಹಳೆಯದು ಮೈಕೋಫಿನಾಲಿಕ್ ಆಮ್ಲ. ಇಟಲಿಯ ಬಡವರು ಕೆಟ್ಟ ಜೋಳವನ್ನು ತಿಂದು ಪೆಲ್ಲಾಗ್ರ ರೋಗಕ್ಕೆ ತುತ್ತಾಗುತ್ತಾರೆಂದು ಊಹಿಸಿದ ಗೊಸಿಯೊ ಎಂಬ ವೈದ್ಯನು 1893ರಲ್ಲಿ ಮೆಕ್ಕೆಜೋಳದ ಬೂಷ್ಟಿನಿಂದ ಅದನ್ನು ಬೇರ್ಪಡಿಸಿದನು. ರೋಗದ ಕಾರಣವು ಬೂಷ್ಟಲ್ಲ, ಆಹಾರದಲ್ಲಿಯ ಜೀವಸತ್ವದ ಕೊರತೆ ಎಂಬುದು ಆಮೇಲೆ ತಿಳಿಯಿತು. ಹೀಗೆ ತಪ್ಪು ದಾರಿಯಲ್ಲಿ ಸಿಕ್ಕಿದ ವಸ್ತುವು ನೂರು ವರುಷ ಕಳೆದ ಮೇಲೆ, 1995ರಲ್ಲಿ, ಕಸಿಯ ಮದ್ದಾಯಿತು.

ಇಂಡಿಯಾ ದೇಶದಲ್ಲಿ 1965ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೂತ್ರಪಿಂಡದ ಕಸಿಯ ಪ್ರಯತ್ನ ನಡೆಯಿತಾದರೂ, ಜೀವಂತ ದಾನಿಯಿಂದ ಪಡೆದ ಕಸಿಯು ಯಶಸ್ವಿಯಾದದ್ದು 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ, ಮೋಹನರಾವ್ ಮತ್ತು ಜಾನಿ ಎಂಬ ವೈದ್ಯರ ಕೈಯಲ್ಲಿ. ಆಗಿದ್ದ ಮದ್ದುಗಳು ಅಜಥಯೋಪ್ರಿನ್ ಮತ್ತು ಸ್ಟಿರಾಯ್ಡು ಮಾತ್ರ. ಸೈಕ್ಲೋಸ್ಪೋರಿನ್ ಬಂದಾಗ ಅದರ ಬೆಲೆಯು ಸಾಮಾನ್ಯ ಗೃಹಸ್ಥರ ಕೈಗೆಟುಕದ್ದಾಗಿದ್ದಿತು. ಸೋದರಿಯ ಮೂತ್ರಪಿಂಡ ಕೂಡಿಕೊಂಡು ಕೆಲಸಮಾಡುತ್ತಿರುವಾಗ, ಮದ್ದು ಕೊಳ್ಳಲು ಹಣವಿಲ್ಲದೆ ಅದು ಒಳಗೇ ಒಣಗಿಹೋಗುವುದನ್ನು ನೋಡಬೇಕಾದ ಮನೆಯವರ ಸಂಕಟವನ್ನು ಊಹಿಸಿಕೊಳ್ಳಬಹುದು. ಆ ಬೆಲೆ ಇಳಿದುದರಲ್ಲಿ 1970ರ ಪೇಟೆಂಟು ಕಾನೂನಿನ ಪಾತ್ರವು ದೊಡ್ಡದು. ಮದ್ದಿಗಲ್ಲ, ಮದ್ದನ್ನು ಮಾಡುವ ವಿಧಾನಕ್ಕೆ ಮಾತ್ರ ಅದು ಹಕ್ಕನ್ನು ಕೊಟ್ಟಿದ್ದುದರಿಂದ 2005ರವರೆಗೆ ನಮ್ಮ ದೇಶದ ಕಾರ್ಖಾನೆಗಳು ಬೇರೆ ವಿಧಾನದಿಂದ ಅದೇ ಮದ್ದ‌ನ್ನು ತಯಾರಿಸಬಹುದಾಗಿದ್ದಿತು. ಇವುಗಳಲ್ಲಿ ಒಂದು ನಮ್ಮ ಬೆಂಗಳೂರಿನದು. ಕಿರಣ್ ಮಜುಂದಾರ್ ಅವರು 1978ರಲ್ಲಿ ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ ಬಾಡಿಗೆಯ ಮೋಟಾರು ಕೊಟ್ಟಿಗೆಯಲ್ಲಿ ಪ್ರಾರಂಭಿಸಿದ ಬಯೋಕಾನ್ ಸಂಸ್ಥೆಯು ಮೊದಲು ಪಪ್ಪಾಯಿಯ ಹಾಲಿನಿಂದಲೂ ಮೀನಿನಿಂದಲೂ ಕೈಗಾರಿಕೆಗೆ ಬೇಕಾದ ಪದಾರ್ಥಗಳನ್ನು ತೆಗೆಯುತ್ತಿದ್ದಿತು. ಅಲ್ಲಿಂದ ಅಣುಜೀವಿಗಳನ್ನು ಹುಳಿಯಿಸಿ ಬೆಳೆಸುವ ವಿದ್ಯೆಯನ್ನು ಹಿಡಿದು ಮೈಕೋಫಿನೊಲೇಟ್, ಟ್ಯಾಕ್ರೋಲಿಮಸ್, ಸಿರೋಲಿಮಸ್‌ಗಳ ತಯಾರಿಕೆಗೆ ಕೈಹಾಕಿತು. ಅಮೆರಿಕದ ಸರ್ಕಾರವು ಅದರ ಟ್ಯಾಕ್ರೋಲಿಮಸ್ ಗುಳಿಗೆಗೆ 2020ರಲ್ಲಿ ಅನುಮತಿಯನ್ನು ಕೊಟ್ಟಿತು. ದೋಸೆಯ ಹಿಟ್ಟು ಹುಳಿಯುವುದಕ್ಕೂ ಈ ಕಾರ್ಖಾನೆಯ ದೊಡ್ಡ ಪಾತ್ರೆಗಳಿಗೂ ತತ್ತ್ವದಲ್ಲಿ ಭೇದವಿಲ್ಲ, ಭೇದವಿರುವುದು ಶುದ್ಧಿಯಲ್ಲಿ.

ಈ ಮದ್ದುಗಳ ಉಪಯೋಗವು ಕಸಿಗೆ ಮಾತ್ರ ಸೀಮಿತವಲ್ಲ. ಕಾವಲುಗಾರರು ಮತಿಗೆಟ್ಟು ಸ್ವಂತ ಮನೆಯವರ ಮೇಲೆಯೇ ಬೀಳುವ ರೋಗಗಳುಂಟು: ಕೀಲುಗಳನ್ನು ತಿನ್ನುವ ವಾತ, ಯುವತಿಯರನ್ನು ಹೆಚ್ಚಾಗಿ ಹಿಡಿಯುವ ಲೂಪಸ್, ರೆಪ್ಪೆ ಜೋಲುಬೀಳಿಸುವ ಮಯಸ್ಥೀನಿಯ, ಮೈಯೆಲ್ಲ ಬೊಬ್ಬೆಯೇಳಿಸುವ ಪೆಂಫಿಗಸ್. ಮಕ್ಕಳ ಮುಖ ಕಾಲುಗಳು ಊದಿಕೊಳ್ಳುವ ನೆಫ್ರೋಟಿಕ್ ಎಂಬ ವ್ಯಾಧಿಗೆ ಪ್ರೆಡ್ನಿಸೋಲೋನೇ ಮೊದಲ ಮದ್ದು. ಪೆಂಫಿಗಸ್ಸಿಗೆ ಸ್ಟಿರಾಯ್ಡು ಸೈಕ್ಲೋಫಾಸ್ಫಮೈಡುಗಳನ್ನು ತಿಂಗಳಿಗೊಮ್ಮೆ ಹೆಚ್ಚಿನ ಪ್ರಮಾಣದಲ್ಲಿ ರಕ್ತಕ್ಕೆ ಬಿಡುವ ಕ್ರಮವನ್ನು 1980ರ ದಶಕದಲ್ಲಿ ದೆಹಲಿಯ ಪಸ್ರೀಚಾ ಅವರು ಬಳಕೆಗೆ ತಂದರು. ಬಯೋಕಾನ್ ಸಂಸ್ಥೆಯು ಕ್ಯೂಬಾ ದೇಶದ ವಿಜ್ಞಾನಿಗಳೊಡನೆ ಸೇರಿ ಸಿದ್ಧಪಡಿಸಿದ ಇಟೋಲಿಜುಮ್ಯಾಬ್ 2013ರಲ್ಲಿ ಸೋರಿಯಾಸಿಸ್ಸಿಗೆಂದು ಪೇಟೆಗೆ ಬಂದಿತು.

ಉಪಕಾರವನ್ನು ಹೇಳಿದ ಮೇಲೆ ತೆರಬೇಕಾದ ತೆರಿಗೆಯನ್ನೂ ಹೇಳಬೇಕು. ಕಸಿಯಾದವನು ಅಂಗವಿರುವಷ್ಟು ಕಾಲವೂ ಮದ್ದನ್ನು ಬಿಡುವಂತಿಲ್ಲ. ಸಾಮಾನ್ಯವಾಗಿ ಟ್ಯಾಕ್ರೋಲಿಮಸನ್ನು ಹನ್ನೆರಡು ಗಂಟೆಗೊಮ್ಮೆ ತೆಗೆದುಕೊಳ್ಳಬೇಕು, ಆಗಾಗ ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆಯಿಸಬೇಕು. ಹೆಚ್ಚಾದರೆ ಅದು ಯಾವ ಮೂತ್ರಪಿಂಡವನ್ನು ಕಾಪಾಡಬೇಕೋ ಅದನ್ನೇ ಕೆಡಿಸುತ್ತದೆ, ಕಡಮೆಯಾದರೆ ಕಸಿ ಬಿಟ್ಟುಹೋಗುತ್ತದೆ. ಜಡಿಮಳೆಗೆ ಮರಗಳುರುಳಿ ದಾರಿ ಮುಚ್ಚುವ ಊರುಗಳಲ್ಲಿ ತಿಂಗಳ ಮದ್ದನ್ನು ಮುಂಚಿತವಾಗಿ ತಂದಿರಿಸಿಕೊಳ್ಳುವುದು ಅಕ್ಕಿ ಬೇಳೆಗಳ ಸಂಗ್ರಹದಷ್ಟೇ ಅವಶ್ಯಕ. ನಮ್ಮ ಹಿತ್ತಿಲುಗಳ ಚಕ್ಕೋತವನ್ನು ಈ ಮದ್ದು ತೆಗೆದುಕೊಳ್ಳುವವರು ತಿನ್ನಬಾರದು. ಕರುಳು ಯಕೃತ್ತುಗಳಲ್ಲಿ ಮದ್ದನ್ನು ಜೀರ್ಣಿಸುವ ಪದಾರ್ಥವನ್ನು ಆ ಹಣ್ಣು ತಡೆಯುವುದರಿಂದ ರಕ್ತದಲ್ಲಿ ಮದ್ದು ಮಿತಿಮೀರುತ್ತದೆ. ಮೆಥೊಟ್ರೆಕ್ಸೇಟನ್ನು ಕೀಲುವಾತಕ್ಕೆ ವಾರಕ್ಕೊಂದು ದಿನ ಮಾತ್ರ ಕೊಡತಕ್ಕದ್ದು. ಚೀಟಿಯನ್ನು ತಪ್ಪಾಗಿ ಓದಿ ದಿನವೂ ನುಂಗಿ ಪ್ರಾಣವನ್ನೇ ಕಳೆದುಕೊಂಡವರುಂಟು; ಮನೆಯಲ್ಲಿ ವೃದ್ಧರಿಗೆ ಮದ್ದು ಕೊಡುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟರೂ ಸರಿಯೇ. ಸ್ಟಿರಾಯ್ಡನ್ನು ಬಹುಕಾಲ ತೆಗೆದುಕೊಂಡವರು ಹಠಾತ್ತಾಗಿ ನಿಲ್ಲಿಸಬಾರದು. ಅಜಥಯೋಪ್ರಿನ್ನೂ ವಾತರಕ್ತಕ್ಕೆ ಕೊಡುವ ಅಲೋಪ್ಯೂರಿನಾಲೂ ಒಟ್ಟಿಗೆ ಸೇರಿದರೆ ರಕ್ತಕಣಗಳು ಅಪಾಯಕರವಾಗಿ ಕುಗ್ಗುತ್ತವೆ. ಎರಡೂ ಎಲಿಯನ್ನಳ ಪ್ರಯೋಗಶಾಲೆಯ ಕೂಸುಗಳೇ, ಒಡಹುಟ್ಟಿದವರಲ್ಲಿ ಹೀಗಾಗುವುದುಂಟು.

ಎಲ್ಲಕ್ಕಿಂತ ಮಿಗಿಲಾದ ಭಯವು ಸೋಂಕಿನದು. ಕ್ಷಯವು ಇಂಥವರನ್ನು ಬೇಗ ಹಿಡಿಯುತ್ತದೆ, ಬೂಷ್ಟೂ ಹಿಡಿಯುತ್ತದೆ. ಇದಕ್ಕೆ ನಾಡೆಲ್ಲವೂ ಸಾಕ್ಷಿಯಾದದ್ದು ಕೋವಿಡ್ ಕಾಲದಲ್ಲಿ. ಆ ವ್ಯಾಧಿಯು ಉಲ್ಬಣಿಸಿದಾಗ ದೇಹದ ನಿರೋಧಶಕ್ತಿಯೇ ಕೆರಳಿ ಶ್ವಾಸಕೋಶಗಳನ್ನು ಕೆಡಿಸುವುದೆಂದು ಕಂಡುಬಂದು, ಡೆಕ್ಸಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡು ಉಸಿರಿಗೆ ಆಮ್ಲಜನಕ ಬೇಕಾದವರ ಪ್ರಾಣವನ್ನುಳಿಸುವುದೆಂದು 2020ನೆಯ ಜೂನಿನಲ್ಲಿ ಇಂಗ್ಲೆಂಡಿನ ಪರೀಕ್ಷೆಯಿಂದ ಸಿದ್ಧವಾಯಿತು. ಅದೇ ಪರೀಕ್ಷೆಯಲ್ಲಿ ಆಮ್ಲಜನಕ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಈ ಎರಡನೆಯ ಮಾತು ಮೊದಲನೆಯದರಷ್ಟು ದೂರ ಹರಡಲಿಲ್ಲವೆಂಬುದು ವಿಷಾದದ ಸಂಗತಿ. ಸಾಮಾನ್ಯ ಜ್ವರಕ್ಕೂ ಸ್ಟಿರಾಯ್ಡು ನಡೆಯಿತು. 2021ರಲ್ಲಿ, ಮಧುಮೇಹವೂ ಇದ್ದವರಲ್ಲಿ ವಿಶೇಷವಾಗಿ, ಮೂಗಿನ ದಾರಿಯಿಂದ ಹೊಕ್ಕು ಕಣ್ಣು ಮಿದುಳುಗಳಿಗೇರುವ ಕಪ್ಪು ಶಿಲೀಂಧ್ರವು ಕರ್ನಾಟಕದಲ್ಲಿಯೂ ಸಾವಿರಾರು ಮಂದಿಯನ್ನು ಹಿಡಿಯಿತು. ಬದುಕಿಸಬೇಕೆಂದರೆ ಕಣ್ಣನ್ನೇ ತೆಗೆಯಬೇಕಾದ ಸಂದರ್ಭಗಳೂ ಬಂದುವು. ಅದಕ್ಕೆ ಮದ್ದಾದ ಆಂಫೋಟೆರಿಸಿನ್ನಿಗಾಗಿ ಜನ ಊರೂರು ಅಲೆದರು. ಆ ಮದ್ದು ಹುಟ್ಟಿದ್ದೂ ಮಣ್ಣಿನ ಸ್ಟ್ರೆಪ್ಟೋಮೈಸಿಸ್ ಕುಲದಲ್ಲಿಯೇ. ದಕ್ಷಿಣ ಅಮೆರಿಕದ ಒರಿನೋಕೊ ನದಿಯ ಕಡೆಯ ಮಣ್ಣಿನಿಂದ 1950ರ ದಶಕದಲ್ಲಿ ಅದು ದೊರೆತಿದ್ದಿತು.

ಮದ್ದು ಸಿದ್ಧವಾಯಿತು, ಬೆಲೆಯೂ ಇಳಿಯಿತು. ಇನ್ನು ಅಂಗವನ್ನು ಕೊಡುವವರಾರು? ಬಡವರ ಮೂತ್ರಪಿಂಡಗಳು ಮಾರಾಟದ ಸರಕಾಗುತ್ತಿದ್ದುದನ್ನು ತಡೆಯಲು 1994ರಲ್ಲಿ ಅಂಗಾಂಗ ಕಸಿಯ ಕಾನೂನು ಬಂದಿತು. ಜೀವಂತ ದಾನಿಗಳ ಲೆಕ್ಕವನ್ನು ನೋಡಿದರೆ ನಮ್ಮ ದೇಶದಲ್ಲಿ ಕೊಡುವವರಲ್ಲಿ ತಾಯಿ, ಹೆಂಡತಿ, ಸೋದರಿಯರೇ ಹೆಚ್ಚು; ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಕಾರಣವನ್ನು ಹುಡುಕುವುದು ವ್ಯರ್ಥ. ಮೃತರಿಂದ ಅಂಗವನ್ನು ಪಡೆಯುವ ಕಾರ್ಯವನ್ನು ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆಯು ನಡೆಸುತ್ತದೆ. ಮಿದುಳು ಸತ್ತರೂ ಎದೆ ಬಡಿಯುತ್ತಿರುವ ಮಗನನ್ನು ನೋಡುತ್ತ ನಿಂತ ಮನೆಯವರು ಕೆಲವೇ ಗಂಟೆಗಳೊಳಗೆ ಒಪ್ಪಿಗೆಯನ್ನು ಕೊಡಬೇಕು. ನಮ್ಮ ಜಿಲ್ಲೆಯ ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಕಡೆಯವರೂ 'ನಾನು ಅವನಲ್ಲ ಅವಳು' ಚಿತ್ರದಿಂದ ರಾಷ್ಟ್ರಪ್ರಶಸ್ತಿಯನ್ನು ಪಡೆದವರೂ ಆದ ನಟ ಸಂಚಾರಿ ವಿಜಯ್ ಅವರು 2021ನೆಯ ಜೂನಿನಲ್ಲಿ ರಸ್ತೆಯ ಅಪಘಾತಕ್ಕೀಡಾಗಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರ ಸೋದರರು ಆ ಒಪ್ಪಿಗೆಯನ್ನು ಕೊಟ್ಟರು. ಅವರ ಅಂಗಗಳನ್ನು ಪಡೆದವರ ಹೆಸರುಗಳನ್ನು, ಇಂಥ ಎಲ್ಲ ಸಂದರ್ಭಗಳಲ್ಲಿಯೂ ಇರುವ ಕಟ್ಟಳೆಯಂತೆ, ಪ್ರಕಟಿಸುವುದಿಲ್ಲ.